ಡ್ರೈವರ್ ಇಲ್ಲದ ರೈಲಿನ ಮುಂದಿನ ಸೀಟು: ಲಂಡನ್ನಿನ ಡಿಎಲ್‌ಆರ್‌ನಲ್ಲಿ ಮೂರು ದಿನ

ಲಂಡನ್ನಿಗೆ ಹೋಗುವ ಕನ್ನಡಿಗರ ಪಟ್ಟಿ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ಬಿಗ್ ಬೆನ್, ಟವರ್ ಬ್ರಿಡ್ಜ್, ಬಕಿಂಗ್‌ಹ್ಯಾಮ್ ಅರಮನೆ, ಒಂದೆರಡು ಮ್ಯೂಸಿಯಂ, ಥೇಮ್ಸ್ ದಡದ ಬಸವಣ್ಣನ ಪ್ರತಿಮೆ. 2024ರ ಸೆಪ್ಟೆಂಬರ್‌ನಲ್ಲಿ ಹೋದಾಗ ನಮ್ಮದೂ ಅದೇ ಪಟ್ಟಿ. ಜೊತೆಗೆ ಶಿರಸಿಯಿಂದ ಬಂದ ಆಯಿ, ಆರು ವರ್ಷದ ಮಗ. ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಆಯಿಯ ಮಂಡಿ ಮುಷ್ಕರ ಹೂಡಿತು. ನೆಲದಡಿ ಓಡುವ ಟ್ಯೂಬ್ ರೈಲು ಚೆನ್ನಾಗಿದೆ, ಆದರೆ ಎಷ್ಟೋ ಸ್ಟೇಷನ್‌ಗಳಲ್ಲಿ ಹತ್ತಿ ಇಳಿಯುವಷ್ಟರಲ್ಲಿ ಅರ್ಧ ಜೀವ ಹೋಗುತ್ತದೆ. ಎಸ್ಕಲೇಟರ್ ಮುಗಿಯಿತು ಅಂದುಕೊಂಡರೆ ಮತ್ತೆ ಹದಿನೈದು ಮೆಟ್ಟಿಲು.

ನಾವು ಉಳಿದಿದ್ದು ತಂಗಿಯ ಮನೆಯಲ್ಲಿ, ಪೂರ್ವ ಲಂಡನ್ನಿನ ಲ್ಯಾಂಗ್‌ಡನ್ ಪಾರ್ಕ್ ಸ್ಟೇಷನ್ ಹತ್ತಿರ. ಆ ರಾತ್ರಿ ಅವಳೇ ಹೇಳಿದಳು, "ಇನ್ನು ಮೂರು ದಿನ ಟ್ಯೂಬ್ ಸಹವಾಸ ಬೇಡ. ನಮ್ಮನೆ ಮುಂದಿನ ಆಟಿಕೆ ರೈಲಲ್ಲೇ ಸುತ್ತೋಣ."

ಆ ಆಟಿಕೆ ರೈಲೇ ಡಾಕ್‌ಲ್ಯಾಂಡ್ಸ್ ಲೈಟ್ ರೈಲ್ವೆ. ಎಲ್ಲರೂ ಕರೆಯುವುದು ಡಿಎಲ್‌ಆರ್. ಎರಡೋ ಮೂರೋ ಬೋಗಿಯ ಪುಟ್ಟ ಕೆಂಪು ರೈಲು. ಡ್ರೈವರ್ ಕ್ಯಾಬಿನ್ ಇಲ್ಲ. ಹಾಗಾಗಿ ಮುಂದಿನ ದೊಡ್ಡ ಗಾಜಿಗೆ ಅಂಟಿಕೊಂಡ ಸೀಟು ಪ್ರಯಾಣಿಕರಿಗೇ. ಮೂರು ದಿನ ಇದರಲ್ಲೇ ಓಡಾಡಿದ ಮೇಲೆ ನನಗೆ ಅನಿಸಿದ್ದು ಇಷ್ಟು: ಮನೆಯಲ್ಲಿ ವಯಸ್ಸಾದವರು, ಮಕ್ಕಳು ಇದ್ದು ಲಂಡನ್ ನೋಡಬೇಕಾದರೆ ಇದನ್ನು ಬರೀ ಸಾರಿಗೆ ಅಂದುಕೊಳ್ಳಬೇಡಿ. ಇದೇ ಒಂದು ಪ್ರವಾಸ. ಆದರೆ ಒಂದೆರಡು ವಿಷಯ ಗೊತ್ತಿಲ್ಲದಿದ್ದರೆ ದುಡ್ಡೂ ಹೋಗುತ್ತದೆ, ದಾರಿಯೂ ತಪ್ಪುತ್ತದೆ. ನಮಗೆ ಎರಡೂ ಆಯಿತು.

ಮೊದಲು ದುಡ್ಡಿನ ವಿಷಯ. ಡಿಎಲ್‌ಆರ್‌ನ ಬಹುಪಾಲು ಸ್ಟೇಷನ್‌ಗಳಲ್ಲಿ ಗೇಟ್ ಇಲ್ಲ. ರಸ್ತೆಯಿಂದ ನೇರ ಪ್ಲಾಟ್‌ಫಾರ್ಮ್‌ಗೆ ಹೋಗಬಹುದು, ತಡೆಯುವವರು ಯಾರೂ ಇಲ್ಲ. ಲಿಫ್ಟ್ ಪಕ್ಕದಲ್ಲೋ ಮೆಟ್ಟಿಲ ಬುಡದಲ್ಲೋ ಹಳದಿ ವೃತ್ತದ ಒಂದು ಕಂಬ ಇರುತ್ತದೆ. ಹತ್ತುವ ಮೊದಲು ಅದಕ್ಕೆ ಕಾರ್ಡ್ ಮುಟ್ಟಿಸಬೇಕು, ಇಳಿದ ಮೇಲೂ ಮುಟ್ಟಿಸಬೇಕು. ಗೇಟ್ ಇದ್ದರೆ ಯಾರೂ ಮರೆಯುವುದಿಲ್ಲ, ಮುಟ್ಟಿಸದೆ ಬಾಗಿಲೇ ತೆರೆಯುವುದಿಲ್ಲವಲ್ಲ. ಇಲ್ಲಿ ನೆನಪಿಸುವುದಕ್ಕೆ ಏನೂ ಇಲ್ಲ. ಮೊದಲ ರಾತ್ರಿ ಮಗ ನಿದ್ದೆಗಣ್ಣಲ್ಲಿ ಹೆಗಲ ಮೇಲಿದ್ದ, ಕೈಯಲ್ಲಿ ಎರಡು ಚೀಲ. ಲ್ಯಾಂಗ್‌ಡನ್ ಪಾರ್ಕ್‌ನಲ್ಲಿ ಇಳಿದು ಸೀದಾ ಮನೆಗೆ ನಡೆದುಬಿಟ್ಟೆ. ಎಲ್ಲಿ ಇಳಿದೆ ಅಂತ ಗೊತ್ತಾಗದ ಪ್ರಯಾಣಕ್ಕೆ ವ್ಯವಸ್ಥೆ ಗರಿಷ್ಠ ದರ ಹಾಕುತ್ತದೆ. ಮರುದಿನ ಬ್ಯಾಂಕಿನ ಮೆಸೇಜ್ ನೋಡಿ ಹೊಟ್ಟೆ ಉರಿಯಿತು. ತಪ್ಪು ಪೂರ್ತಿ ನನ್ನದೇ. ಇನ್ನು ಹತ್ತುವಾಗಲೇ ಮುಟ್ಟಿಸದೆ ಹೋಗಿ ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ದಂಡ 100 ಪೌಂಡ್. 2024ರ ಮಾರ್ಚ್‌ನಲ್ಲಿ ಏರಿಸಿದ್ದು. 21 ದಿನದೊಳಗೆ ಕಟ್ಟಿದರೆ ಅರ್ಧ.

ಮೂರನೇ ದಿನದ ಹೊತ್ತಿಗೆ ನಮಗೊಂದು ಉಪಾಯ ಹೊಳೆದಿತ್ತು. ಮಗನಿಗೆ ಕೆಲಸ ಕೊಟ್ಟೆವು. ರೈಲಿಂದ ಇಳಿದ ಕೂಡಲೇ ಹಳದಿ ಕಂಬ ಹುಡುಕುವುದು ಅವನ ಡ್ಯೂಟಿ. ಆಮೇಲೆ ಒಮ್ಮೆಯೂ ತಪ್ಪಲಿಲ್ಲ.

ಲಂಡನ್ ಸಾರಿಗೆಗೆಂದೇ ಇರುವ ಆಯ್ಸ್ಟರ್ ಕಾರ್ಡ್ ಬೇಕೇ ಬೇಕು ಅಂತೇನಿಲ್ಲ. ಕಾಂಟ್ಯಾಕ್ಟ್‌ಲೆಸ್ ಗುರುತಿರುವ ಬ್ಯಾಂಕ್ ಕಾರ್ಡ್ ಇದ್ದರೆ ಸಾಕು, ದರ ಅದೇ. ಆದರೆ ನಮ್ಮ ದೇಶದ ಕಾರ್ಡ್ ಆದರೆ ಹೊರಡುವ ಮುಂಚೆ ಬ್ಯಾಂಕಿನ ಆ್ಯಪ್ ತೆರೆದು ಎರಡು ಗುಂಡಿ ಒತ್ತಬೇಕು. ವಿದೇಶಿ ವಹಿವಾಟು ಒಂದು, ಕಾಂಟ್ಯಾಕ್ಟ್‌ಲೆಸ್ ಇನ್ನೊಂದು. ನಾನು ಮೊದಲನೆಯದನ್ನು ಮಾತ್ರ ಒತ್ತಿದ್ದೆ. ಯಂತ್ರ ಕೆಂಪು ದೀಪ ತೋರಿಸಿತು, ಹಿಂದೆ ನಿಂತವರು ನಿಟ್ಟುಸಿರು ಬಿಟ್ಟರು. ಇನ್ನೊಂದು ಮಾತು, ಒಬ್ಬರಿಗೆ ಒಂದು ಕಾರ್ಡ್. ಒಂದೇ ಕಾರ್ಡಲ್ಲಿ ಇಬ್ಬರು ಹೋಗಲು ಆಗುವುದಿಲ್ಲ. ಬೆಳಗ್ಗೆ ಪ್ಲಾಸ್ಟಿಕ್ ಕಾರ್ಡ್ ಮುಟ್ಟಿಸಿದವರು ಸಂಜೆ ಅದೇ ಕಾರ್ಡನ್ನು ಫೋನಿನಿಂದ ಮುಟ್ಟಿಸಬಾರದು, ಯಂತ್ರಕ್ಕೆ ಅವು ಎರಡು ಬೇರೆ ಬೇರೆ ಲೆಕ್ಕ. ಒಂದೇ ಬಳಸಿದರೆ ದಿನಕ್ಕೆ ಇಂತಿಷ್ಟು ಅಂತ ಮಿತಿ ಇರುತ್ತದೆ, ಅದು ಮುಟ್ಟಿದ ಮೇಲೆ ಎಷ್ಟು ಸುತ್ತಿದರೂ ಜಾಸ್ತಿ ಕಡಿತ ಇಲ್ಲ. 11 ವರ್ಷದೊಳಗಿನ ಮಕ್ಕಳು ದೊಡ್ಡವರ ಜೊತೆ ಇದ್ದರೆ ಉಚಿತ. ಒಬ್ಬ ದೊಡ್ಡವರ ಜೊತೆ ನಾಲ್ಕು ಮಕ್ಕಳವರೆಗೆ.

ಸೋಮವಾರದಿಂದ ಶುಕ್ರವಾರದವರೆಗೆ ಬೆಳಗ್ಗೆ 6.30ರಿಂದ 9.30, ಸಂಜೆ 4ರಿಂದ 7, ಇವು ದುಬಾರಿ ಹೊತ್ತು. ದುಡ್ಡಿಗಿಂತ ಮುಖ್ಯವಾಗಿ, ಆ ಹೊತ್ತಿನಲ್ಲಿ ಬ್ಯಾಂಕುಗಳ ಗೋಪುರಗಳಿರುವ ಕೆನರಿ ವಾರ್ಫ್ ಕಡೆಯ ರೈಲಿನಲ್ಲಿ ನಿಲ್ಲುವುದಕ್ಕೂ ಜಾಗ ಇರುವುದಿಲ್ಲ. ಮುಂದಿನ ಸೀಟಿನ ಆಸೆ ಬಿಟ್ಟುಬಿಡಿ. ನಾವು ಮನೆ ಬಿಡುತ್ತಿದ್ದದ್ದೇ ಹತ್ತು ಗಂಟೆಗೆ. ಆಯಿಯ ಸ್ನಾನ, ಪೂಜೆ, ತಿಂಡಿ ಮುಗಿಯುವುದೂ ಅಷ್ಟೊತ್ತಿಗೇ, ಹಾಗಾಗಿ ಕಷ್ಟವಾಗಲಿಲ್ಲ.

ಇನ್ನು ದಾರಿಯ ವಿಷಯ. ನಕ್ಷೆಯಲ್ಲಿ ಡಿಎಲ್‌ಆರ್ ಒಂದೇ ಹಸಿರುನೀಲಿ ಬಣ್ಣದಲ್ಲಿ ಇರುತ್ತದೆ. ನೋಡಿದವರಿಗೆ ಒಂದೇ ಲೈನ್ ಅನಿಸುತ್ತದೆ. ಅಲ್ಲ. ಅದು ಕವಲೊಡೆದ ಮರದ ಕೊಂಬೆ ಇದ್ದ ಹಾಗೆ. ಪಶ್ಚಿಮದಲ್ಲಿ ಎರಡು ತುದಿ: ಬ್ಯಾಂಕ್ (ಸ್ಟೇಷನ್ನಿನ ಹೆಸರೇ ಅದು) ಮತ್ತು ಟವರ್ ಗೇಟ್‌ವೇ. ದಕ್ಷಿಣದಲ್ಲಿ ಲೂಯಿಶಮ್. ಪೂರ್ವದಲ್ಲಿ ಬೆಕ್ಟನ್ ಮತ್ತು ವುಲಿಚ್ ಆರ್ಸೆನಲ್. ಉತ್ತರದಲ್ಲಿ ಸ್ಟ್ರಾಟ್‌ಫರ್ಡ್, ಅದರಾಚೆ ಸ್ಟ್ರಾಟ್‌ಫರ್ಡ್ ಇಂಟರ್‌ನ್ಯಾಷನಲ್. ಒಟ್ಟು 45 ಸ್ಟೇಷನ್, ಸುಮಾರು 38 ಕಿಲೋಮೀಟರ್. ಒಂದೊಂದು ಕವಲಿಗೆ ಬೇರೆ ಹೆಸರಿಲ್ಲ, ಬೇರೆ ಬಣ್ಣವಿಲ್ಲ, ನಂಬರಿಲ್ಲ. ರೈಲಿನ ನೆತ್ತಿಯ ಮೇಲೆ ಕೊನೆಯ ಸ್ಟೇಷನ್ನಿನ ಹೆಸರು ಓಡುತ್ತಿರುತ್ತದೆ, ಅದೊಂದೇ ಗುರುತು. ನಮ್ಮ ಸಿಟಿ ಬಸ್ಸಿನ ಬೋರ್ಡ್ ಓದಿದ ಹಾಗೆ ಓದಬೇಕು.

ಸಾಮಾನ್ಯವಾಗಿ ಬ್ಯಾಂಕ್‌ನಿಂದ ಹೊರಡುವ ರೈಲು ಲೂಯಿಶಮ್‌ಗೆ ಇಲ್ಲವೇ ವುಲಿಚ್ ಆರ್ಸೆನಲ್‌ಗೆ. ಟವರ್ ಗೇಟ್‌ವೇಯಿಂದ ಬೆಕ್ಟನ್‌ಗೆ. ಸ್ಟ್ರಾಟ್‌ಫರ್ಡ್‌ನಿಂದ ಕೆನರಿ ವಾರ್ಫ್‌ಗೆ, ರಶ್ ಇರುವ ಹೊತ್ತಿನಲ್ಲಿ ಇನ್ನೂ ಮುಂದಕ್ಕೆ. ಸ್ಟ್ರಾಟ್‌ಫರ್ಡ್ ಇಂಟರ್‌ನ್ಯಾಷನಲ್‌ನಿಂದ ವುಲಿಚ್ ಕಡೆಗೆ. ಪಾಪ್ಲರ್ ಸ್ಟೇಷನ್ ನಡುವಿನ ಸಂತೆ. ಗೊತ್ತಾಗದಿದ್ದರೆ ಅಲ್ಲಿಗೆ ಬನ್ನಿ, ಬಹುತೇಕ ಕಡೆಗೆ ರೈಲು ಸಿಗುತ್ತದೆ, ಹೆಚ್ಚು ಕಾಯಬೇಕಾಗಿಲ್ಲ.

ಆಯಿಯ ಮಂಡಿಗೆ ಡಿಎಲ್‌ಆರ್ ಒಪ್ಪಿದ್ದು ಯಾಕೆ ಅಂದರೆ, ಇದರ ಪ್ರತಿ ಸ್ಟೇಷನ್ನಿಗೂ ಲಿಫ್ಟ್ ಅಥವಾ ಇಳಿಜಾರು ಇದೆ. ಆಮೇಲೆ ಸೇರಿಸಿದ್ದಲ್ಲ, 1987ರಲ್ಲಿ ಶುರುವಾದಾಗಿನಿಂದಲೇ ಹಾಗೆ ಕಟ್ಟಿದ್ದು. ಪ್ಲಾಟ್‌ಫಾರ್ಮ್ ಮತ್ತು ರೈಲಿನ ನೆಲ ಒಂದೇ ಮಟ್ಟ. ಗಾಲಿಕುರ್ಚಿ, ಮಗುವಿನ ಗಾಡಿ ಸಲೀಸಾಗಿ ಒಳಗೆ ಹೋಗುತ್ತವೆ. ಲಿಫ್ಟ್ ಕೆಟ್ಟಿರುವ ದಿನವೂ ಇರುತ್ತದೆ, ಹೊರಡುವ ಮುಂಚೆ ಲಂಡನ್ ಸಾರಿಗೆ ಸಂಸ್ಥೆಯ ಟಿಎಫ್ಎಲ್ ಆ್ಯಪ್‌ನಲ್ಲಿ ಒಮ್ಮೆ ನೋಡಿಕೊಳ್ಳಿ. ಶನಿವಾರ, ಭಾನುವಾರ ರಿಪೇರಿಗೆಂದು ಒಂದೊಂದು ಕವಲು ಮುಚ್ಚುವುದೂ ಉಂಟು.

ಮೊದಲ ದಿನ ಬೇಕಂತಲೇ ಟವರ್ ಗೇಟ್‌ವೇಯಿಂದ ಶುರು ಮಾಡಿದೆವು. ಟವರ್ ಆಫ್ ಲಂಡನ್ ಕೋಟೆಗೆ ಹತ್ತಿರ ಇರುವ ಪುಟ್ಟ ಸ್ಟೇಷನ್. ಒಂದೇ ಹಳಿ, ಎರಡೂ ಕಡೆ ಪ್ಲಾಟ್‌ಫಾರ್ಮ್. ಬಂದವರು ಒಂದು ಕಡೆ ಇಳಿಯುತ್ತಾರೆ, ಹೋಗುವವರು ಇನ್ನೊಂದು ಕಡೆಯಿಂದ ಹತ್ತುತ್ತಾರೆ. ರೈಲು ಖಾಲಿಯಾಗಿಯೇ ಸಿಗುತ್ತದೆ, ಮುಂದಿನ ಸೀಟು ಹಿಡಿಯಲು ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಪೂರ್ವದ ತುದಿಯ ಬಾಗಿಲ ಹತ್ತಿರ ನಿಂತುಕೊಳ್ಳಿ, ಅಷ್ಟೇ.

ಮಗ ಕೂತ, ಪಕ್ಕದಲ್ಲಿ ಆಯಿ. ಬಾಗಿಲು ಮುಚ್ಚಿತು. ಎದುರಿಗೆ ಹಳಿ, ಆಕಾಶ, ಬೇರೇನೂ ಇಲ್ಲ. ರೈಲು ತಾನೇ ಹೊರಟಿತು. ಆಯಿ ಎದುರಿನ ಕಂಬಿ ಗಟ್ಟಿಯಾಗಿ ಹಿಡಿದುಕೊಂಡರು. ಸ್ವಲ್ಪ ಹೊತ್ತಿಗೆ ಬಲಗಡೆ ನೆಲ ಬಾಯಿ ತೆರೆದ ಹಾಗೆ ಒಂದು ಸುರಂಗ ಕಾಣಿಸಿತು. ಬ್ಯಾಂಕ್ ಕಡೆಯ ರೈಲು ಅದರೊಳಗಿಂದ ಮೇಲೆದ್ದು ಬಂದು ನಮ್ಮ ಹಳಿಯ ಜೊತೆ ಸೇರುವ ಜಾಗ ಅದು. ಶಾಡ್ವೆಲ್ ದಾಟುವಷ್ಟರಲ್ಲಿ ಆಯಿ ಕಂಬಿಯಿಂದ ಕೈ ಬಿಟ್ಟಿದ್ದರು. "ಅಡ್ಡಿಲ್ಲೆ" ಅಂದರು. ನಮ್ಮ ಕಡೆ ಅದು ದೊಡ್ಡ ಸರ್ಟಿಫಿಕೇಟು.

ಲೈಮ್‌ಹೌಸ್‌ವರೆಗಿನ ಆ ಎತ್ತರದ ಇಟ್ಟಿಗೆ ಕಮಾನುಗಳ ದಾರಿ ಡಿಎಲ್‌ಆರ್ ಕಟ್ಟಿದ್ದಲ್ಲ. 1840ರಲ್ಲಿ ಶುರುವಾದ ಲಂಡನ್ ಅಂಡ್ ಬ್ಲ್ಯಾಕ್‌ವಾಲ್ ರೈಲ್ವೆಯದು. ಆಗ ಅದರ ಮೇಲೆ ಇಂಜಿನ್ ಕೂಡ ಇರಲಿಲ್ಲ, ತುದಿಯಲ್ಲಿ ಕೂರಿಸಿದ ಉಗಿಯಂತ್ರಗಳು ಹಗ್ಗ ಸುತ್ತಿ ಬೋಗಿಗಳನ್ನು ಎಳೆಯುತ್ತಿದ್ದವು. ಹಡಗುಕಟ್ಟೆಗಳು ಮುಚ್ಚಿ ಪಾಳುಬಿದ್ದ ಮೇಲೆ, 1980ರ ದಶಕದಲ್ಲಿ, ಕಡಿಮೆ ಖರ್ಚಲ್ಲಿ ಒಂದು ರೈಲು ಮಾಡಬೇಕು ಅಂತ ಹೊರಟವರು ಹಳೇ ಕಮಾನು, ಹಳೇ ಹಳಿದಾರಿಗಳನ್ನೇ ಹುಡುಕಿ ಜೋಡಿಸಿದರು. ಶುರುವಿನಲ್ಲಿ ಇದ್ದದ್ದು 15 ಸ್ಟೇಷನ್, 11 ರೈಲು ಮಾತ್ರ. ಹಳೇ ದಾರಿಗಳನ್ನು ಜೋಡಿಸಿದ್ದಕ್ಕೇ ದಾರಿ ಹೀಗೆ ಅಂಕುಡೊಂಕು. ತಿರುವಿನಲ್ಲಿ ಗಾಲಿ ಕಿರ್ರ್ ಅಂತ ಕಿರುಚುತ್ತದೆ, ಮಗನಿಗೆ ಅದೇ ಇಷ್ಟ.

ಡ್ರೈವರ್ ಇಲ್ಲ ಅಂದರೆ ಯಾರೂ ಇಲ್ಲ ಅಂತಲ್ಲ. ಪ್ರತಿ ರೈಲಿನಲ್ಲೂ ಒಬ್ಬ ಸಿಬ್ಬಂದಿ ಇರುತ್ತಾರೆ. ಬಾಗಿಲು ಮುಚ್ಚುವುದು, ಕಾರ್ಡ್ ತಪಾಸಣೆ, ದಾರಿ ಹೇಳುವುದು ಅವರ ಕೆಲಸ. ಎರಡನೇ ದಿನ ಒಬ್ಬಾಕೆ ಬಂದು ನಗುತ್ತಲೇ ನಮ್ಮನ್ನು ಮುಂದಿನ ಸೀಟಿನಿಂದ ಎಬ್ಬಿಸಿದರು. ಕೀಲಿ ಹಾಕಿ ಎದುರಿನ ಮುಚ್ಚಳ ತೆರೆದರೆ ಒಳಗೆ ಗುಂಡಿಗಳು, ಹಿಡಿಕೆ. ಎರಡು ಸ್ಟೇಷನ್ ತಾವೇ ಓಡಿಸಿ, ಮುಚ್ಚಳ ಹಾಕಿ ಹೋದರು. ಮಗ ಆ ಇಡೀ ದಿನ ಬೇರೆ ಮಾತೇ ಆಡಲಿಲ್ಲ. ನಿಮ್ಮನ್ನೂ ಎಬ್ಬಿಸಿದರೆ ಬೇಸರ ಬೇಡ, ಅಲ್ಲೇ ಪಕ್ಕದಲ್ಲಿ ನಿಂತು ನೋಡಿ.

ನಮಗೆ ಹೋಗಬೇಕಿದ್ದದ್ದು ಗ್ರೀನಿಚ್‌ಗೆ. ಹತ್ತಿದ್ದು ಬೆಕ್ಟನ್ ರೈಲು. ಹಾಗಾಗಿ ವೆಸ್ಟ್‌ಫೆರಿಯಲ್ಲಿ ಇಳಿದು, ಅದೇ ಪ್ಲಾಟ್‌ಫಾರ್ಮ್‌ನಲ್ಲಿ ನಿಂತು, ಲೂಯಿಶಮ್ ಅಂತ ಬೋರ್ಡ್ ಇರುವ ರೈಲು ಹಿಡಿದೆವು. ಅಲ್ಲಿಂದ ಕೆನರಿ ವಾರ್ಫ್‌ವರೆಗಿನ ಕೆಲವೇ ನಿಮಿಷ ಇಡೀ ಡಿಎಲ್‌ಆರ್‌ನಲ್ಲೇ ನನಗೆ ಅತಿ ಇಷ್ಟವಾದ ತುಣುಕು. ಎರಡೂ ಕಡೆ ನೀರು, ಮುಂದೆ ಗಾಜಿನ ಗೋಪುರಗಳು ಬೆಳೆಯುತ್ತಾ ಹೋಗುತ್ತವೆ, ಕೊನೆಗೆ ರೈಲು ಕಟ್ಟಡದ ಹೊಟ್ಟೆಯೊಳಗೇ ನುಗ್ಗುತ್ತದೆ. ಮುಂದಿನ ಸೀಟು ಸಿಗದಿದ್ದರೂ ಇಲ್ಲಿ ಮಾತ್ರ ಹೇಗಾದರೂ ಮಾಡಿ ಮುಂದೆ ಹೋಗಿ ನಿಂತುಕೊಳ್ಳಿ.

ಗ್ರೀನಿಚ್‌ಗೆ ಹತ್ತಿರದ ಸ್ಟೇಷನ್ ಕಟ್ಟಿ ಸಾರ್ಕ್. ಆದರೆ ನದಿಯ ಈಚೆ ದಡದ ಐಲೆಂಡ್ ಗಾರ್ಡನ್ಸ್‌ನಲ್ಲೇ ಇಳಿಯಿರಿ ಅಂತ ನನ್ನ ಸಲಹೆ. ಸ್ಟೇಷನ್‌ನಿಂದ ಎರಡು ಮೂರು ನಿಮಿಷ ನಡೆದರೆ ಒಂದು ಚಿಕ್ಕ ಪಾರ್ಕ್. ಅಲ್ಲಿಂದ ಥೇಮ್ಸ್ ಆಚೆ ದಡದ ಬಿಳಿ ಕಟ್ಟಡಗಳ ಸಾಲು, ಜೋಡಿ ಗುಮ್ಮಟ, ಹಿಂದೆ ಗುಡ್ಡದ ಮೇಲೆ ವೀಕ್ಷಣಾಲಯ, ಎಲ್ಲ ಒಂದೇ ನೋಟದಲ್ಲಿ ಕಾಣುತ್ತವೆ. ಗ್ರೀನಿಚ್ ಒಳಗೆ ಹೋದ ಮೇಲೆ ಈ ನೋಟ ಸಿಗುವುದಿಲ್ಲ.

ಅದೇ ಪಾರ್ಕಿನಲ್ಲಿ ಗಾಜಿನ ಗುಮ್ಮಟದ ಒಂದು ದುಂಡು ಕಟ್ಟಡ ಇದೆ. ಅದು ನದಿಯಡಿಯ ಕಾಲುದಾರಿ ಸುರಂಗದ ಬಾಗಿಲು. 1902ರಲ್ಲಿ ತೆರೆದದ್ದು, ಆಚೆ ದಡದಲ್ಲಿದ್ದ ಕೆಲಸಗಾರರು ಈಚೆಯ ಹಡಗುಕಟ್ಟೆಗೆ ನಡೆದು ಬರಲಿ ಅಂತ. ಉದ್ದ 370 ಮೀಟರ್. ನಡೆಯಲು ದುಡ್ಡಿಲ್ಲ. ಲಿಫ್ಟ್ ಇದೆ, ಆದರೆ ಅದನ್ನು ನಂಬಿ ಮಂಡಿನೋವಿನವರನ್ನು ಕರೆದೊಯ್ಯಬೇಡಿ, ಕೆಡುತ್ತಿರುತ್ತದೆ. ನಾವು ಪಂದ್ಯ ಕಟ್ಟಿದೆವು. ಆಯಿ ಮತ್ತು ತಂಗಿ ರೈಲಿನಲ್ಲಿ, ನಾನು ಮತ್ತು ಮಗ ಸುರಂಗದಲ್ಲಿ. ರೈಲೂ ನದಿಯಡಿಯಲ್ಲೇ ಹೋಗುತ್ತದೆ, ಮುಂದಿನ ಸ್ಟೇಷನ್ನೇ ಕಟ್ಟಿ ಸಾರ್ಕ್.

ಸುರಂಗದೊಳಗೆ ತಂಪು. ಬಿಳಿ ಹೆಂಚುಗಳು, ಮಂಕು ದೀಪ, ಮಗ ಕೂಗಿದ್ದಕ್ಕೆಲ್ಲ ಉತ್ತರ ಕೊಡುವ ಪ್ರತಿಧ್ವನಿ. ಉತ್ತರದ ತುದಿಯಲ್ಲಿ ಸ್ವಲ್ಪ ದೂರ ಸುರಂಗ ಇದ್ದಕ್ಕಿದ್ದಂತೆ ಕಿರಿದಾಗುತ್ತದೆ, ಒಳಗೆ ದಪ್ಪ ಕಬ್ಬಿಣದ ಬಳೆಗಳು. ಎರಡನೇ ಮಹಾಯುದ್ಧದ ಬಾಂಬಿಗೆ ಬಿರುಕು ಬಿಟ್ಟ ಜಾಗಕ್ಕೆ ಹಾಕಿದ ತೇಪೆ ಅದು. ನಾವು ಏದುಸಿರು ಬಿಡುತ್ತಾ ಆಚೆ ದಡದಲ್ಲಿ ಮೇಲೆ ಬಂದಾಗ ಆಯಿ ಹಡಗಿನ ಎದುರಿನ ಬೆಂಚಿನ ಮೇಲೆ ಕೂತು ಚಕ್ಕುಲಿ ತಿನ್ನುತ್ತಿದ್ದರು.

ಆ ಹಡಗೇ ಕಟ್ಟಿ ಸಾರ್ಕ್. 1869ರದ್ದು, ಚೀನಾದಿಂದ ಚಹಾ ತರಲು ಕಟ್ಟಿದ ಹಾಯಿಹಡಗು. 2007ರಲ್ಲಿ ಬೆಂಕಿ ಬಿದ್ದು, ರಿಪೇರಿಯಾಗಿ 2012ರಲ್ಲಿ ಮತ್ತೆ ತೆರೆಯಿತು. ಒಳಗೆ ಹೋಗಲು ಟಿಕೆಟ್ ಬೇಕು. ಹೊರಗಿಂದ ನೋಡಿದರೂ ಅರ್ಧ ಖುಷಿ ಸಿಗುತ್ತದೆ. ಸ್ಟೇಷನ್ನಿನ ಬಗ್ಗೆ ಒಂದು ಸೂಚನೆ: ಇಲ್ಲಿಯ ಪ್ಲಾಟ್‌ಫಾರ್ಮ್ ಗಿಡ್ಡ. ಮೂರು ಬೋಗಿಯ ರೈಲಾದರೆ ಎರಡು ತುದಿಯ ಬಾಗಿಲುಗಳು ತೆರೆಯುವುದಿಲ್ಲ. ಮುಂದಿನ ಸೀಟಿನಲ್ಲಿ ಕೂತವರು ಮೊದಲೇ ಎದ್ದು ನಡುವಿನ ಕಡೆಗೆ ಬರಬೇಕು. ನಾವು ಹೋಗಿ ಬಂದ ಮೇಲೆ, 2025ರ ಮೇ ಕೊನೆಯಲ್ಲಿ, ಎಸ್ಕಲೇಟರ್ ಬದಲಿಸಲೆಂದು ಈ ಸ್ಟೇಷನ್ ತಿಂಗಳುಗಟ್ಟಲೆ ಮುಚ್ಚಿತು. ಹಾಗೇನಾದರೂ ಆದರೆ ಗಾಬರಿ ಬೇಡ, ಮುಂದಿನ ಗ್ರೀನಿಚ್ ಸ್ಟೇಷನ್ನಿನಿಂದ ಹತ್ತು ನಿಮಿಷದ ನಡಿಗೆ.

ವೀಕ್ಷಣಾಲಯ ಗುಡ್ಡದ ಮೇಲಿದೆ, ಏರು ಸಣ್ಣದಲ್ಲ. ಶೂನ್ಯ ರೇಖಾಂಶದ ಗೆರೆಯ ಮೇಲೆ ಕಾಲಿಟ್ಟು ಫೋಟೊ ತೆಗೆಸಿಕೊಳ್ಳಲು ಟಿಕೆಟ್ ಕೊಳ್ಳಬೇಕು. ಆಯಿಗೆ ಏರಲು ಆಗಲಿಲ್ಲ, ಹಾಗಾಗಿ ನಾವೂ ಬಿಟ್ಟೆವು. ಬದಲಿಗೆ ಕೆಳಗೆ ಹುಲ್ಲಿನ ಮೇಲೆ ಕೂತು ಒಂದು ಗಂಟೆಗೆ ಕಾದೆವು. ಕಟ್ಟಡದ ತುದಿಯಲ್ಲಿ ಒಂದು ಕೆಂಪು ಚೆಂಡಿದೆ. ಒಂದಕ್ಕೆ ಐದು ನಿಮಿಷ ಇರುವಾಗ ಕಂಬದ ಅರ್ಧಕ್ಕೆ ಏರುತ್ತದೆ, ಎರಡು ನಿಮಿಷ ಇರುವಾಗ ತುದಿಗೆ, ಸರಿಯಾಗಿ ಒಂದು ಗಂಟೆಗೆ ದೊಪ್ಪನೆ ಬೀಳುತ್ತದೆ. 1833ರಿಂದ ನದಿಯಲ್ಲಿದ್ದ ಹಡಗುಗಳಿಗೆ ಗಡಿಯಾರ ಸರಿಮಾಡಿಕೊಳ್ಳಲು ಮಾಡಿದ ಏರ್ಪಾಡು. ಇದಕ್ಕೆ ದುಡ್ಡಿಲ್ಲ. ಮಗ ತನ್ನ ಕೈಗಡಿಯಾರ ನೋಡಿ "ನಂದು ಎರಡು ನಿಮಿಷ ಮುಂದಿದೆ" ಅಂದ. ಪಕ್ಕದ ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಂ ಉಚಿತ, ಒಳ್ಳೆಯ ಶೌಚಾಲಯವೂ ಇದೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಡಿಎಲ್‌ಆರ್‌ನ ಬಹುಪಾಲು ಸ್ಟೇಷನ್‌ಗಳಲ್ಲಿ ಶೌಚಾಲಯ ಇಲ್ಲ. ಮ್ಯೂಸಿಯಂ, ಮಾಲ್ ಕಂಡಲ್ಲಿ ಕೆಲಸ ಮುಗಿಸಿಕೊಳ್ಳಿ.

ಎರಡನೇ ದಿನ ಕೆನರಿ ವಾರ್ಫ್. ಬ್ಯಾಂಕುಗಳ ಗೋಪುರ ನೋಡಲು ಅರ್ಧ ಗಂಟೆ ಸಾಕು. 235 ಮೀಟರಿನ ಒನ್ ಕೆನಡಾ ಸ್ಕ್ವೇರ್ ಒಂದು ಕಾಲಕ್ಕೆ ಬ್ರಿಟನ್ನಿನ ಅತಿ ಎತ್ತರದ ಕಟ್ಟಡವಾಗಿತ್ತು. ಎಲಿಜಬೆತ್ ಲೈನ್ ಸ್ಟೇಷನ್ನಿನ ಮೇಲೆ ಒಂದು ಉಚಿತ ತೋಟ ಇದೆ, ಮಳೆ ಬಂದರೆ ಅಲ್ಲಿ ಕೂರಬಹುದು. ಟ್ಯೂಬ್‌ನ ಜ್ಯೂಬಿಲಿ ಲೈನಿಗೆ ಬದಲಾಯಿಸುವವರಿಗೆ ಒಂದು ಕಿವಿಮಾತು: ಕೆನರಿ ವಾರ್ಫ್ ಡಿಎಲ್‌ಆರ್‌ಗಿಂತ ಅದರ ಮುಂದಿನ ಹೆರನ್ ಕೀಸ್ ಹತ್ತಿರ.

ನಿಜವಾಗಿ ನೋಡಬೇಕಾದ್ದು ಅಲ್ಲೇ ನೀರಿನ ಆಚೆ ಬದಿಯಲ್ಲಿದೆ. 1802ರಲ್ಲಿ ಶುರುವಾದ ವೆಸ್ಟ್ ಇಂಡಿಯಾ ಹಡಗುಕಟ್ಟೆಯ ಸಕ್ಕರೆ ಗೋದಾಮು ಈಗ ಡಾಕ್‌ಲ್ಯಾಂಡ್ಸ್ ಮ್ಯೂಸಿಯಂ. ಉಚಿತ. ಕೆರಿಬಿಯನ್ ತೋಟಗಳಲ್ಲಿ ಗುಲಾಮರು ಬೆಳೆದ ಸಕ್ಕರೆ ಇಲ್ಲಿ ಹೇಗೆ ಬಂದಿಳಿಯುತ್ತಿತ್ತು ಅನ್ನುವುದನ್ನು ಮುಚ್ಚುಮರೆ ಇಲ್ಲದೆ ತೋರಿಸಿದ್ದಾರೆ. ಮರದ ಕಂಬ, ತಗ್ಗು ಮಾಡು. ನಮ್ಮ ಊರಿನ ಹಳೇ ಅಡಿಕೆ ಮಂಡಿಯೊಳಗೆ ಹೋದ ಹಾಗೆ ಅನಿಸಿತು ನನಗೆ. ನಕ್ಷೆಯಲ್ಲಿ ಇದಕ್ಕೆ ಹತ್ತಿರದ ಸ್ಟೇಷನ್ ವೆಸ್ಟ್ ಇಂಡಿಯಾ ಕೀ. ಆದರೆ ಬ್ಯಾಂಕ್ ಕಡೆಯಿಂದ ಬರುವ ರೈಲುಗಳೆಲ್ಲ ಅಲ್ಲಿ ನಿಲ್ಲುವುದಿಲ್ಲ. ಕೆನರಿ ವಾರ್ಫ್‌ನಲ್ಲೇ ಇಳಿದು ಕಾಲುಸೇತುವೆ ದಾಟಿ, ಐದೇ ನಿಮಿಷ. ಈ ಎರಡು ಸ್ಟೇಷನ್ನುಗಳ ನಡುವೆ ಇರುವುದೇ ಸುಮಾರು 200 ಮೀಟರ್.

ಮಧ್ಯಾಹ್ನ ಮಡ್‌ಶೂಟ್. ಹೆಸರಿನ ಅರ್ಥವೇ ಕೆಸರು ಸುರಿದ ಜಾಗ. ಮಿಲ್‌ವಾಲ್ ಹಡಗುಕಟ್ಟೆಯ ಹೂಳೆತ್ತಿ ತಂದು ಇಲ್ಲಿ ಹಾಕುತ್ತಿದ್ದರಂತೆ. ಈಗ ಅದು 32 ಎಕರೆಯ ತೋಟ ಮತ್ತು ದೊಡ್ಡಿ. ಕುರಿ, ಹಂದಿ, ಕತ್ತೆ, ಲಾಮಾ, ಹಿಂದೆ ಆಕಾಶಕ್ಕೆ ಮುಟ್ಟುವ ಬ್ಯಾಂಕ್ ಕಟ್ಟಡಗಳು. ಪ್ರವೇಶ ಉಚಿತ. ಆಯಿ ಇಲ್ಲಿ ಕಳೆದಷ್ಟು ಹೊತ್ತು ಲಂಡನ್ನಿನ ಇನ್ಯಾವ ಜಾಗದಲ್ಲೂ ಕಳೆಯಲಿಲ್ಲ. ದನ ಎಷ್ಟು ಹಾಲು ಕೊಡುತ್ತದೆ ಅಂತ ತಂಗಿಯ ಮೂಲಕ ಅಲ್ಲಿದ್ದ ಹುಡುಗಿಯನ್ನು ಕೇಳಿಸಿ ಸಮಾಧಾನ ಮಾಡಿಕೊಂಡರು.

ಮೂರನೇ ದಿನ ಪೂರ್ವಕ್ಕೆ. ಪಾಂಟೂನ್ ಡಾಕ್‌ನಲ್ಲಿ ಇಳಿದು ಥೇಮ್ಸ್ ಬ್ಯಾರಿಯರ್ ನೋಡುವ ಯೋಜನೆ. ಇಲ್ಲೇ ದಾರಿ ತಪ್ಪಿದ್ದು. ಪಾಪ್ಲರ್‌ನಲ್ಲಿ ಮಗನ ಶೂ ಲೇಸ್ ಕಟ್ಟುತ್ತಾ ಬಂದ ರೈಲಿಗೆ ಸುಮ್ನೆ ಹತ್ತಿಬಿಟ್ಟೆ, ನೆತ್ತಿ ನೋಡಲಿಲ್ಲ. ಅದು ಬೆಕ್ಟನ್ ರೈಲು. ಕ್ಯಾನಿಂಗ್ ಟೌನ್ ದಾಟಿದ ಮೇಲೆ ಕವಲು ಎರಡಾಗುತ್ತದೆ. ಬೆಕ್ಟನ್ ಕಡೆಯದು ದೊಡ್ಡ ಹಡಗುಕಟ್ಟೆಗಳ ಉತ್ತರಕ್ಕೆ, ವುಲಿಚ್ ಕಡೆಯದು ದಕ್ಷಿಣಕ್ಕೆ. ನಮಗೆ ಬೇಕಾದ ಜಾಗ ನೀರಿನ ಆಚೆ ದಡದಲ್ಲಿ ಕಾಣುತ್ತಿದೆ, ನಾವು ಈಚೆ ಓಡುತ್ತಿದ್ದೇವೆ.

ರಾಯಲ್ ಆಲ್ಬರ್ಟ್‌ನಲ್ಲಿ ಇಳಿದೆವು, ವಾಪಸ್ ಹೋಗಲು. ಆಗ ಒಂದು ವಿಮಾನ ಎದುರಿನಿಂದ ಇಳಿಯಿತು. ಎದುರಿನಿಂದ ಅಂದರೆ ಎದುರಿನಿಂದಲೇ. ಆ ಸ್ಟೇಷನ್ನಿನ ಮುಂದೆ ನೀರು, ನೀರಿನ ಆಚೆ ದಡವೇ ಲಂಡನ್ ಸಿಟಿ ಏರ್‌ಪೋರ್ಟಿನ ರನ್‌ವೇ. 1880ರ ಆಲ್ಬರ್ಟ್ ಕಟ್ಟೆಗೂ 1921ರ ಕಿಂಗ್ ಜಾರ್ಜ್ ಕಟ್ಟೆಗೂ ನಡುವಿನ ನೆಲದ ಪಟ್ಟಿಯನ್ನೇ 1987ರಲ್ಲಿ ಏರ್‌ಪೋರ್ಟ್ ಮಾಡಿದ್ದಾರೆ. ನೀರಿನ ದಡಕ್ಕೆ ಇಳಿದು ಮುಕ್ಕಾಲು ಗಂಟೆ ಕೂತೆವು. ಮಕ್ಕಳಿದ್ದರೆ ಈ ತಪ್ಪನ್ನು ಬೇಕಂತಲೇ ಮಾಡಿ. ಬೆಕ್ಟನ್ ಕೊನೆಯವರೆಗೆ ಹೋಗಬೇಕಾಗಿಲ್ಲ, ಅಲ್ಲಿ ಮನೆಗಳು, ಅಂಗಡಿಗಳು, ರೈಲಿನ ಡಿಪೋ ಅಷ್ಟೇ.

ಆಮೇಲೆ ಕ್ಯಾನಿಂಗ್ ಟೌನ್‌ಗೆ ಹಿಂದಿರುಗಿ, ವುಲಿಚ್ ಆರ್ಸೆನಲ್ ಬೋರ್ಡನ್ನು ಎರಡು ಸಲ ಓದಿ ಹತ್ತಿದೆವು. ಪಾಂಟೂನ್ ಡಾಕ್ ಸ್ಟೇಷನ್ನಿಗೆ ಅಂಟಿಕೊಂಡೇ ಪಾರ್ಕ್ ಇದೆ. ಅಲೆಅಲೆಯಾಗಿ ಕತ್ತರಿಸಿದ ಗಿಡಗಳ ತಗ್ಗು ತೋಟ ದಾಟಿದರೆ ನದಿ, ನದಿಗೆ ಅಡ್ಡಲಾಗಿ ಬೆಳ್ಳಿಬಣ್ಣದ ದೊಡ್ಡ ದೊಡ್ಡ ಚಿಪ್ಪುಗಳು. ಸಮುದ್ರದ ಉಬ್ಬರ ಜಾಸ್ತಿಯಾದಾಗ ನಗರ ಮುಳುಗದಂತೆ ನದಿಗೇ ಹಾಕುವ ಬಾಗಿಲು ಅದು. 520 ಮೀಟರ್ ಅಗಲದಲ್ಲಿ 10 ಉಕ್ಕಿನ ಗೇಟು, 1984ರಲ್ಲಿ ಉದ್ಘಾಟನೆಯಾದದ್ದು. ಗಾಳಿ ಮಾತ್ರ ವಿಪರೀತ, ಸ್ವೆಟರ್ ಮರೆಯಬೇಡಿ.

ರಾಯಲ್ ವಿಕ್ಟೋರಿಯಾ ಹತ್ತಿರದ ರೋಪ್‌ವೇ ಬಗ್ಗೆ ಎರಡೇ ಮಾತು. ಮೇಲಿಂದ ನದಿ ಚೆಂದ ಕಾಣುತ್ತದೆ, ಆದರೆ ದಿನದ ಮಿತಿಯ ಲೆಕ್ಕಕ್ಕೆ ಅದು ಸೇರುವುದಿಲ್ಲ, ಗಾಳಿ ಜೋರಾದರೆ ನಿಲ್ಲಿಸುತ್ತಾರೆ. ನಾವು ಹೋದ ದಿನ ನಿಂತಿತ್ತು. ಬದಲಿಗೆ ವುಲಿಚ್‌ವರೆಗೆ ರೈಲಿನಲ್ಲಿ ಹೋಗಿ, 1889ರಿಂದ ಪುಕ್ಕಟೆಯಾಗಿ ಓಡುತ್ತಿರುವ ಫೆರಿಯಲ್ಲಿ ನದಿ ದಾಟಿ ಈಚೆ ಬಂದೆವು. ಅಲ್ಲಿಂದ ಹತ್ತು ನಿಮಿಷ ನಡೆದರೆ ಕಿಂಗ್ ಜಾರ್ಜ್ ಸ್ಟೇಷನ್. ನಿಧಾನಕ್ಕೆ ನಡೆಯುವವರಿದ್ದರೆ ಹದಿನೈದು. ಫೆರಿಯ ಸಮಯ ಮೊದಲೇ ನೋಡಿಕೊಳ್ಳಿ.

ಹಿಂದಿರುಗುವಾಗ ಬ್ಲ್ಯಾಕ್‌ವಾಲ್‌ಗೆ ಮುಂಚಿನ ಸ್ಟೇಷನ್ ಹೆಸರು ಮೈಕಿನಲ್ಲಿ ಕೇಳಿ ಆಯಿ ತಲೆ ಎತ್ತಿದರು. ಈಸ್ಟ್ ಇಂಡಿಯಾ. "ಅದೇ ಕಂಪನಿಯಾ?" ಅದೇ. ಕಂಪನಿಯ ಹಡಗುಗಳಿಗಾಗಿ 1806ರಲ್ಲಿ ತೆರೆದ ಹಡಗುಕಟ್ಟೆ ಇಲ್ಲಿತ್ತು. 1967ರಲ್ಲಿ ಮುಚ್ಚಿತು, ಬಹುಪಾಲು ಮಣ್ಣು ತುಂಬಿದ್ದಾರೆ, ಮೇಲೆ ಆಫೀಸುಗಳು. ಪ್ರವಾಸಿಗರು ಯಾರೂ ಇಳಿಯುವುದಿಲ್ಲ. ನಾವು ಇಳಿದೆವು. ಹಳದಿ ಕಂಬಕ್ಕೆ ಕಾರ್ಡ್ ಮುಟ್ಟಿಸಿ, ಕೆಳಗೆ ಬಂದು, ತಂಗಿ ಬೀದಿಯ ಬೋರ್ಡುಗಳನ್ನು ಒಂದೊಂದಾಗಿ ಓದಿ ಹೇಳಿದಳು. ಇದು ಲವಂಗದ ಬೀದಿ. ಇದು ಜಾಯಿಕಾಯಿ ಓಣಿ. ಆಚೆಯದು ಕೇಸರಿ, ಅದರ ಪಕ್ಕದ್ದು ಕೊತ್ತಂಬರಿ. ಸಂಜೆಯ ಬಿಸಿಲಿಗೆ ಗಾಜಿನ ಕಟ್ಟಡಗಳ ನಡುವೆ ಕ್ಲೋವ್ ಕ್ರೆಸೆಂಟ್ ಅನ್ನುವ ಬೋರ್ಡಿನ ಕೆಳಗೆ ಆಯಿ ಸೆರಗು ಹೊದ್ದು ನಿಂತ ಒಂದು ಫೋಟೊ ಇದೆ, ಮೂರು ದಿನದಲ್ಲಿ ತೆಗೆದ ಫೋಟೊಗಳಲ್ಲಿ ಅದೇ ಚೆನ್ನಾಗಿ ಬಂದಿದ್ದು.

"ಮೆಣಸಿಂದು ಎಲ್ಲಿ?" ಅಂದರು ಆಯಿ. ಕೇಳಬೇಕಾದ ಪ್ರಶ್ನೆಯೇ. ನಮ್ಮ ಗೇರುಸೊಪ್ಪೆಯ ರಾಣಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತಲೇ ಕರೆದಿದ್ದರು. ಕಾರವಾರದಲ್ಲಿ ಇಂಗ್ಲಿಷರ ಕೋಠಿ 17ನೇ ಶತಮಾನದಲ್ಲೇ ಎದ್ದಿದ್ದು ಮೆಣಸಿನ ಆಸೆಗೆ. ಅಷ್ಟೆಲ್ಲ ಮೆಣಸು ಹೊತ್ತ ಕಂಪನಿಯ ಹೆಸರಿನ ಜಾಗದಲ್ಲಿ ಮೆಣಸಿನ ಬೀದಿಯೇ ಇಲ್ಲವೇ ಅಂತ ಫೋನಿನಲ್ಲಿ ಹುಡುಕಿದೆ. ಇದೆ, ಆದರೆ ಅಲ್ಲಿ ಅಲ್ಲ. ಹಿಂದಿನ ದಿನ ದನದ ದೊಡ್ಡಿಗೆ ಹೋಗುವಾಗ ದಾಟಿದ ಕ್ರಾಸ್‌ಹಾರ್ಬರ್ ಸ್ಟೇಷನ್ನಿನ ಪಕ್ಕದಲ್ಲೇ. ಮರುದಿನ ಬೆಳಗ್ಗೆ ನಮ್ಮ ವಿಮಾನ. ನೀವು ಹೋದರೆ ಮಡ್‌ಶೂಟ್‌ಗೆ ಒಂದು ಸ್ಟೇಷನ್ ಮೊದಲೇ ಇಳಿಯಿರಿ. ಲೂಯಿಶಮ್ ಬೋರ್ಡಿನ ರೈಲು. ಪಶ್ಚಿಮಕ್ಕೆ, ಹಳೇ ಹಡಗುಕಟ್ಟೆಯ ಮೇಲಿನ ಕಾಲುಸೇತುವೆಯ ಕಡೆ ನಡೆದರೆ ಪೆಪ್ಪರ್ ಸ್ಟ್ರೀಟ್ ಅಂತ ಬೋರ್ಡ್ ಸಿಗುತ್ತದೆ. ಕಾರ್ಡ್ ಮುಟ್ಟಿಸುವುದು ಮರೆಯಬೇಡಿ.